ಹಂಡೆ ಒಲೆಗೆ ಮೇಣದ ಸರ್ವೆ ಕಾಯಿ

ದೀಪಾವಳಿ ಎಂದರೆ ಪೇಟೆಯ ಮಕ್ಕಳಿಗೆ ಪಟಾಕಿ. ಹಳೇಬೀಡು, ಬೇಲೂರು, ಅರಸೀಕೆರೆ ಸೀಮೆಯ ಹಳ್ಳಿಗಳಲ್ಲಿ ಹಬ್ಬ ಶುರುವಾಗುವುದೇ ಬಚ್ಚಲುಮನೆಯಿಂದ! ಆಶ್ವಯುಜ ಬಹುಳ ತ್ರಯೋದಶಿಯ ಸಂಜೆ ನೀರು ತುಂಬುವ ಹಬ್ಬ. ಹಂಡೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಬೆಳಗಿ, ಕೊರಳಿಗೆ ಹಾಗಲ ಬಳ್ಳಿ ಸುತ್ತಿ, ಹೊಸ ನೀರು ತುಂಬಿ ಪೂಜೆ ಮಾಡಿಟ್ಟರೆ ಮಾರನೆಯ ದಿನ ನರಕ ಚತುರ್ದಶಿ. ಕೋಳಿ ಕೂಗುವ ಮುಂಚೆಯೇ ಎದ್ದು ಒಲೆ ಹಚ್ಚಬೇಕು. ಮನೆಮಂದಿಗೆಲ್ಲ ಎಣ್ಣೆ ನೀರು ಆಗಬೇಕು.

ಕಷ್ಟ ಬರುವುದು ಇಲ್ಲೇ. ಹುಲಿಕೆರೆಯನ್ನೇ ತೆಗೆದುಕೊಳ್ಳಿ. ಹೊಯ್ಸಳರ ಕಾಲದ ಸುಂದರ ಕಲ್ಯಾಣಿಗೆ ಹೆಸರಾದ ಈ ಊರು ಹಳೇಬೀಡಿನಿಂದ ಬಹಳ ದೂರವೇನಲ್ಲ. ಒಂದು ದಿಕ್ಕಿಗೆ ಅರಸೀಕೆರೆಯ ತೆಂಗಿನ ಸೀಮೆ, ಇನ್ನೊಂದು ದಿಕ್ಕಿಗೆ ಬೇಲೂರು ದಾಟಿದರೆ ಕಾಫಿ ತೋಟ. ಇಂಥ ಕಡೆ ಉರುವಲಿಗೆ ಬರವೆ? ತೆಂಗಿನ ಗರಿ, ಮಟ್ಟೆ, ಹೊಂಬಾಳೆ, ಚಿಪ್ಪು, ತೋಟದಲ್ಲಿ ಸವರಿದ ಕೊಂಬೆ ಎಲ್ಲವೂ ಹಿತ್ತಿಲಲ್ಲಿ ಬಿದ್ದಿರುತ್ತವೆ. ಗ್ಯಾಸು, ಗೀಸರು, ಸೋಲಾರ್ ಬಂದ ಮೇಲೂ ಹಲವು ಮನೆಗಳಲ್ಲಿ ಹಂಡೆ ಒಲೆ ಉಳಿದುಕೊಂಡಿರುವುದು ಈ ಪುಕ್ಕಟೆ ಉರುವಲಿನ ದೆಸೆಯಿಂದಲೇ. ಆದರೆ ಹಿಂಗಾರಿನ ಮಳೆ, ಬೆಳಗಿನ ಇಬ್ಬನಿ ಎರಡೂ ಸೇರಿ ಆ ಉರುವಲೆಲ್ಲ ತಣ್ಣಗೆ ಒದ್ದೆಯಾಗಿ ಕೂತಿರುತ್ತದೆ. ಉರಿಯತೊಡಗಿದರೆ ಗಂಟೆಗಟ್ಟಲೆ ಉರಿದೀತು, ನಿಜ. ಮೊದಲ ಉರಿ ಹಿಡಿಯಬೇಕಲ್ಲ!

ಊದುಗೊಳವೆಯಲ್ಲಿ ಊದಿ ಊದಿ ಕಣ್ಣು ಕೆಂಪಾದ ಮೊಮ್ಮಗ, "ಅಜ್ಜಿ, ಒಲೆ ಹತ್ತುತಾನೇ ಇಲ್ಲ" ಎನ್ನುತ್ತಾನೆ. ಒಳಗಿನಿಂದ ಉತ್ತರ ಸಿದ್ಧ: "ಒಂದ್ ತೊಟ್ಟು ಸೀಮೆಎಣ್ಣೆ ಬಿಡು ಮಗ, ಹತ್ಕತದೆ."

ಆ "ಒಂದು ತೊಟ್ಟು" ಎಷ್ಟು ಮನೆಗಳ ಹಬ್ಬ ಕೆಡಿಸಿದೆಯೋ! ಉರಿಯುವುದು ಸೀಮೆಎಣ್ಣೆಯ ದ್ರವವಲ್ಲ, ಅದರ ಆವಿ. ಬೂದಿಯ ಕೆಳಗೆ ಕೆಂಡ ಉಳಿದಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಅದರ ಮೇಲೆ ಎಣ್ಣೆ ಬಿದ್ದರೆ ಮೊದಲು ಬರೀ ಬಿಳಿ ಹೊಗೆ. ಒಲೆಯ ಗೂಡಿನ ತುಂಬ ಆವಿ ಸೇರಿಕೊಂಡು, ಏನಾಯಿತೆಂದು ಬಗ್ಗಿ ನೋಡುವ ಹೊತ್ತಿಗೆ ಒಮ್ಮೆಲೇ ಭಗ್ಗೆಂದು ಹೊತ್ತಿಕೊಳ್ಳುತ್ತದೆ. ಹುಬ್ಬು, ಮುಂಗೂದಲು ಸುಟ್ಟುಕೊಂಡವರು ಪುಣ್ಯವಂತರು. ಕೈಯಲ್ಲಿದ್ದ ಡಬ್ಬಕ್ಕೇ ಉರಿ ತಾಗಿದರೆ ಕೇಳುವುದೇ ಬೇಡ.

ಪಡಿತರದ ಸೀಮೆಎಣ್ಣೆ ಈಗ ಹಿಂದಿನಂತೆ ಸಿಗುವುದಿಲ್ಲ. ಆದ್ದರಿಂದ ಆ ಅಪಾಯ ತಪ್ಪಿತು ಎಂದುಕೊಳ್ಳುವಷ್ಟರಲ್ಲಿ ಇನ್ನೊಂದು ಬಂದು ಕೂತಿದೆ. ಹಾಲಿನ ಕವರು, ಅಂಗಡಿಯ ಕೈಚೀಲ, ಹರಿದ ಚಪ್ಪಲಿ, ಹಳೆ ಪೈಪಿನ ಚೂರು ಎಲ್ಲವೂ ಒಲೆ ಹಚ್ಚಲು ಬರುತ್ತಿವೆ. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕೈಚೀಲಗಳ ಮೇಲೆ 2016ರಲ್ಲೇ ನಿಷೇಧ ಬಂದರೂ ಒಲೆಯ ಬಾಯಿಗೆ ಬೀಳುವ ಪ್ಲಾಸ್ಟಿಕ್ಕಿಗೆ ಕೊರತೆಯಾಗಿಲ್ಲ. ಬೇಗ ಹತ್ತುತ್ತದೆ, ಒಪ್ಪೋಣ. ಆದರೆ ಪಿ.ವಿ.ಸಿ. ಉರಿದರೆ ಹೈಡ್ರೋಜನ್ ಕ್ಲೋರೈಡ್ ಎಂಬ ಕಟುವಾದ ಅನಿಲ ಬರುತ್ತದೆ. ಜೊತೆಗೆ ಡಯಾಕ್ಸಿನ್ ಎಂಬ, ವರ್ಷಗಟ್ಟಲೆ ದೇಹದಲ್ಲಿ ಉಳಿಯುವ ವಿಷಗಳೂ ಹುಟ್ಟುತ್ತವೆ. ಈ ಹೊಗೆ ಕುಡಿಯುವವರು ಯಾರು? ಬೆಳಗಿನ ಜಾವ ಒಲೆಯ ಮುಂದೆ ಕೂರುವ ತಾಯಂದಿರು. ಅವರ ಪಕ್ಕದಲ್ಲಿ ಚಳಿ ಕಾಯಿಸಿಕೊಳ್ಳಲು ಕೂರುವ ಮಕ್ಕಳು.

ಹಾಗಾದರೆ ಒದ್ದೆ ಪುಳ್ಳೆಗೆ ಮೊದಲ ಉರಿ ಕೊಡುವುದು ಏನು? ಉತ್ತರ ಹಿತ್ತಿಲಲ್ಲೇ ಇದೆ. ಅದನ್ನು ಮಾಡುವ ಉಪಾಯ ಮಾತ್ರ ಸ್ವಲ್ಪ ದೂರದಿಂದ ಬಂದದ್ದು.

ಚಳಿ ದೇಶಗಳ ಪೈನ್ ಕಾಯಿ

ಯುರೋಪು, ಅಮೆರಿಕಗಳ ಮನೆಗಳಲ್ಲಿ ಗೋಡೆಯೊಳಗೇ ಬೆಂಕಿಗೂಡು ಇರುವುದುಂಟು. ಕ್ರಿಸ್‌ಮಸ್ ಬರುವ ಮುನ್ನ ಅಲ್ಲಿನವರು ಪೈನ್ ಮರದ ಕೆಳಗೆ ಬಿದ್ದ ಒಣ ಶಂಕುಗಳನ್ನು ಆರಿಸಿ, ಕರಗಿದ ಮೇಣದಲ್ಲಿ ಅದ್ದಿ, ದಾಲ್ಚಿನ್ನಿಯದೋ ಕಿತ್ತಳೆಯದೋ ಪರಿಮಳ ಸೇರಿಸಿ, ಬುಟ್ಟಿಯಲ್ಲಿ ತುಂಬಿಡುತ್ತಾರೆ. ನೋಡಲು ಅಲಂಕಾರ, ಬೇಕಾದಾಗ ಬೆಂಕಿ ಹಚ್ಚುವ ಸಾಧನ. ನೆಂಟರ ಮನೆಗೆ ಹೋಗುವಾಗ ಒಯ್ಯಲು ಉಡುಗೊರೆಯೂ ಹೌದು. ಅಲ್ಲಿ ನೆಲೆಸಿದ ಕನ್ನಡಿಗರ ಮಕ್ಕಳೂ ಶಾಲೆಯಲ್ಲಿ ಇದನ್ನು ಕಲಿತು ಬರುವುದುಂಟು.

ನಮ್ಮ ಕಡೆಯವರು ಪೈನ್ ಶಂಕುವನ್ನು ನೋಡಿರುವುದು ಹೆಚ್ಚಾಗಿ ಊಟಿ, ಕೊಡೈಕೆನಾಲ್ ಪ್ರವಾಸದಲ್ಲಿ. ಸಿನಿಮಾ ಹಾಡುಗಳಲ್ಲಿ ಕಾಣುವ ಊಟಿಯ ಆ ಉದ್ದುದ್ದ ಮರಗಳ ಕಾಡು ಮನುಷ್ಯರೇ ನೆಟ್ಟದ್ದು. ಭಾರತದಲ್ಲಿ ಪೈನ್ ತಾನಾಗಿ ಬೆಳೆಯುವುದು ಹಿಮಾಲಯದ ತಪ್ಪಲಲ್ಲಿ ಮತ್ತು ಈಶಾನ್ಯದ ಬೆಟ್ಟಗಳಲ್ಲಿ. ಉತ್ತರಾಖಂಡದಲ್ಲಿ ಚೀರ್ ಪೈನಿನ ಸೂಜಿಯೆಲೆಗಳು ಬೇಸಿಗೆಯಲ್ಲಿ ಒಣಗಿ ನೆಲದ ಮೇಲೆ ಹಾಸಿಕೊಂಡು ಕಾಡ್ಗಿಚ್ಚಿಗೆ ಕಾರಣವಾಗುವುದು ಪ್ರತಿವರ್ಷದ ಸುದ್ದಿ. ಆ ಮರದಲ್ಲಿ ಅಂಟುರಾಳವಿದೆ, ಟರ್ಪೆಂಟೈನ್ ತೆಗೆಯುವುದು ಅದರಿಂದಲೇ. ಹಾಗಾಗಿ ಅದಕ್ಕೆ ಬೆಂಕಿಯ ನಂಟು ಹೆಚ್ಚು.

ಹಾಗೆಂದು ಊಟಿಯಿಂದ ಚೀಲಗಟ್ಟಲೆ ಪೈನ್ ಶಂಕು ಹೊತ್ತು ತರುವುದು ಬೇಡ. ಮೇಜಿನ ಮೇಲಿಡಲು ತಂದ ಒಂದೋ ಎರಡೋ ಮನೆಯಲ್ಲಿದ್ದರೆ ಅವನ್ನು ಸುಡುವುದಕ್ಕಿಂತ ಮಕ್ಕಳ ಕೈಗೆ ಕೊಡುವುದು ಮೇಲು. ಪೂರ್ತಿ ಬಿರಿದ ಶಂಕುವನ್ನು ನೀರಲ್ಲಿ ಮುಳುಗಿಸಿಟ್ಟರೆ ಕೆಲವು ಗಂಟೆಗಳಲ್ಲಿ ಅದರ ಎಸಳುಗಳು ಮುಚ್ಚಿಕೊಳ್ಳುತ್ತವೆ. ಬಿಸಿಲಿಗಿಟ್ಟರೆ ಮತ್ತೆ ಬಿರಿಯುತ್ತವೆ! ಪ್ರತಿ ಎಸಳಿನಲ್ಲೂ ಎರಡು ಪದರಗಳಿದ್ದು, ನೀರು ಹೀರಿದಾಗ ಹೊರಪದರ ಒಳಪದರಕ್ಕಿಂತ ಹೆಚ್ಚು ಹಿಗ್ಗುವುದೇ ಇದಕ್ಕೆ ಕಾರಣ. ಮರದಿಂದ ಬಿದ್ದು, ಜೀವ ಹೋಗಿ ಎಷ್ಟೋ ಕಾಲವಾದ ಮೇಲೂ ಈ ಆಟ ನಡೆಯುತ್ತದೆ.

ನಮ್ಮೂರ ಸರ್ವೆ

ಬಯಲುಸೀಮೆಯಲ್ಲಿ ಪೈನಿನ ಜಾಗ ತುಂಬಬಲ್ಲದ್ದು ಸರ್ವೆ ಮರ. ಗಾಳಿ ಮರ ಎಂದೂ ಹೇಳುತ್ತಾರೆ. ಗಾಳಿ ಬೀಸಿದಾಗ ಅದರ ಕೆಳಗೆ ನಿಂತವರಿಗೆ ಆ ಹೆಸರು ಯಾಕೆ ಬಂತೆಂದು ಯಾರೂ ವಿವರಿಸಬೇಕಿಲ್ಲ. ಕಟ್ಟಡ ಕಟ್ಟುವಾಗ ತಾರಸಿಗೆ ಆನಿಸುವ ಗಳು, ಚಪ್ಪರದ ಕಂಬ, ಹೊಲದ ಬದುವಿನ ಗಾಳಿತಡೆ ಹೀಗೆ ಎಲ್ಲಕ್ಕೂ ಸರ್ವೆ ಬೇಕು. ಇದು ಪರದೇಶದ ಮರ. ತವರು ಆಸ್ಟ್ರೇಲಿಯಾ ಹಾಗೂ ಆಗ್ನೇಯ ಏಷ್ಯಾದ ಕರಾವಳಿ. ನಮ್ಮ ಕಾರವಾರದ ಕಡಲ ದಂಡೆಯಲ್ಲಿ 1868ರಲ್ಲಿ ನೆಟ್ಟದ್ದು ಭಾರತದಲ್ಲಿ ಇದರ ಮೊದಮೊದಲ ನೆಡುತೋಪುಗಳಲ್ಲಿ ಒಂದು. ಉದ್ದೇಶ ಉರುವಲೇ. ಕಾಫಿಗೆ ನೆರಳು ಕೊಡುವ ಸಿಲ್ವರ್ ಓಕ್, ರಸ್ತೆ ಬದಿಯ ನೀಲಗಿರಿ, ಈ ಸರ್ವೆ... ಹಾಸನ ಜಿಲ್ಲೆಯಲ್ಲಿ ಆಸ್ಟ್ರೇಲಿಯಾದ ನೆಂಟರು ಎಷ್ಟು ಮಂದಿ!

ಸರ್ವೆಗೆ ವಿಜ್ಞಾನದ ಹೆಸರು ಕ್ಯಾಸುರೈನಾ. ಅದರ ತೆಳ್ಳನೆಯ ಜೋತುಬಿದ್ದ ರೆಂಬೆಗಳು ಕ್ಯಾಸೊವರಿ ಎಂಬ ಹಕ್ಕಿಯ ಪುಕ್ಕದಂತೆ ಕಂಡಿದ್ದರಿಂದ ಬಂದ ಹೆಸರಿದು. ಸೂಜಿಯೆಲೆ ಎಂದು ಮಕ್ಕಳು ಅಂದುಕೊಳ್ಳುವುದು ನಿಜವಾಗಿ ಎಲೆಯಲ್ಲ, ಹಸಿರು ಕಡ್ಡಿ. ಅದನ್ನು ಎರಡೂ ಕಡೆ ಹಿಡಿದು ಮೆಲ್ಲಗೆ ಎಳೆದರೆ ಗಿಣ್ಣಿನಲ್ಲಿ ಕಳಚಿಕೊಳ್ಳುತ್ತದೆ. ಆ ಗಿಣ್ಣಿನ ಸುತ್ತ ಹಲ್ಲಿನಂತೆ ಕಾಣುವ ಪುಟ್ಟ ಪುಟ್ಟ ಹುರುಪೆಗಳಿವೆಯಲ್ಲ, ಅವೇ ನಿಜವಾದ ಎಲೆಗಳು. ಭೂತಗನ್ನಡಿ ಇದ್ದರೆ ಎಣಿಸಬಹುದು. ಪೈನಿಗೂ ಸರ್ವೆಗೂ ಹೊರನೋಟದಲ್ಲಿ ಹೋಲಿಕೆ ಇದ್ದರೂ ಕುಲ ಬೇರೆ. ಪೈನ್ ಹೂ ಬಿಡದ ಅನಾವೃತಬೀಜ ಸಸ್ಯ. ಸರ್ವೆ ಮಾವು, ಹಲಸಿನಂತೆ ಹೂ ಬಿಡುವ ಜಾತಿ. ಅದರ ಬೇರಿನ ಗಂಟುಗಳಲ್ಲಿರುವ ಫ್ರಾಂಕಿಯಾ ಎಂಬ ಸೂಕ್ಷ್ಮಜೀವಿ ಗಾಳಿಯ ಸಾರಜನಕವನ್ನು ಹಿಡಿದುಕೊಡುವುದರಿಂದ ಬಡ ಮಣ್ಣಲ್ಲೂ ಸರ್ವೆ ಬದುಕುತ್ತದೆ. ಪಿ.ಯು.ಸಿ. ವಿದ್ಯಾರ್ಥಿಗಳು ನೆನಪಿಟ್ಟರೆ ಎಂದಾದರೂ ಉಪಯೋಗಕ್ಕೆ ಬಂದೀತು.

ಸೌದೆಯಾಗಿ ಸರ್ವೆಯದು ಎತ್ತಿದ ಕೈ. ಹಸಿಯಾಗಿದ್ದರೂ ಉರಿಯಬಲ್ಲ ಕೆಲವೇ ಮರಗಳಲ್ಲಿ ಅದೂ ಒಂದು. ಅದರ ಕಾಯಿ ಹೆಬ್ಬೆರಳ ತುದಿಯಷ್ಟೇ. ಪೈನ್ ಶಂಕುವಿನ ಮರಿಯಂತೆ ಕಾಣುತ್ತದೆ. ಬಲಿತು ಒಣಗಿದಾಗ ಮೈಯೆಲ್ಲ ಪುಟ್ಟ ಕೊಕ್ಕುಗಳು ಬಾಯಿ ಬಿಟ್ಟಂತೆ ಬಿರಿದು, ರೆಕ್ಕೆಯುಳ್ಳ ಬೀಜಗಳು ಉದುರುತ್ತವೆ. ಆ ತೆರೆದ ಬಾಯಿಗಳೇ ನಮಗೆ ಬೇಕಾದದ್ದು. ಪೈನಿನಂತೆ ಅಂಟುರಾಳ ಇದಕ್ಕಿಲ್ಲ. ಆ ಕೊರತೆ ತುಂಬುವುದು ಮೇಣದ ಕೆಲಸ. ಒಂದೊಂದು ಬಿರುಕಿನಲ್ಲೂ ಮೇಣ ಕೂರುತ್ತದೆ, ನಡುವೆ ಗಾಳಿಯಾಡಲು ಜಾಗವೂ ಉಳಿಯುತ್ತದೆ.

ಸರ್ವೆ ಸಿಗದ ಊರಿನವರು ಬೇಸರಪಡಬೇಕಿಲ್ಲ. ಕಾಳು ಬಿಡಿಸಿದ ಮುಸುಕಿನ ಜೋಳದ ದಿಂಡನ್ನು ಎರಡಂಗುಲದ ತುಂಡು ಮಾಡಿ ಒಣಗಿಸಿದರೆ ಅದೂ ಆಗುತ್ತದೆ. ಬರೀ ತೆಂಗಿನ ಜುಂಗನ್ನು ನಿಂಬೆಹಣ್ಣಿನ ಗಾತ್ರಕ್ಕೆ ಉಂಡೆ ಕಟ್ಟಿದರೂ ನಡೆಯುತ್ತದೆ.

ಮಾಡುವ ಬಗೆ

ಮೊದಲಿಗೆ ಕೆಲಸ ಹಂಚಿಕೊಳ್ಳಬೇಕು. ಆರಿಸುವುದು, ಒಣಗಿಸುವುದು, ಕಟ್ಟುವುದು, ಲೆಕ್ಕ ಬರೆದಿಡುವುದು ಮಕ್ಕಳದು. ಮೇಣ ಕರಗಿಸುವುದು, ಅದ್ದುವುದು ದೊಡ್ಡವರದು. ಈ ಗೆರೆಯನ್ನು ಯಾರೂ ದಾಟಬಾರದು. ಮನೆಯಲ್ಲಿ ದೊಡ್ಡವರು ಇಲ್ಲದ ದಿನ ಈ ಕೆಲಸಕ್ಕೆ ಕೈ ಹಾಕಲೇಬಾರದು.

ನೆಲಕ್ಕೆ ಬಿದ್ದ, ಬಿರಿದ ಕಾಯಿಗಳನ್ನು ಆರಿಸಿ ತಂದು ಮೂರು ನಾಲ್ಕು ದಿನ ಬಿಸಿಲಿಗೆ ಹಾಕಬೇಕು. ಹಸಿರು ಕಾಯಿ ಕಿತ್ತು ತಂದರೂ ಒಣಗಿದಾಗ ಬಿರಿಯುತ್ತದೆ, ಆದರೆ ಮರ ಹತ್ತುವ ಉಸಾಬರಿ ಯಾಕೆ? ಒಣಗಿದ ಮೇಲೆ ಮೊರದಲ್ಲಿ ಹಾಕಿ ಕುಲುಕಿದರೆ ಬೀಜ, ಮಣ್ಣು ಉದುರುತ್ತವೆ. ಸರ್ವೆ ಬೀಜ ಕಂಡರೆ ಇರುವೆಗಳಿಗೆ ಪ್ರಾಣ. ಒಣಗಲು ಹಾಕಿದ ಜಾಗಕ್ಕೆ ಅವು ಸಾಲುಗಟ್ಟಿ ಬರುವುದು ಖಂಡಿತ. ಅಂಗಳಕ್ಕಿಂತ ತಾರಸಿ ವಾಸಿ.

ಐದಾರು ಕಾಯಿಗಳನ್ನು ಒಟ್ಟಿಗೆ ಹಿಡಿದು, ನಡುವೆ ಒಂದು ಚಿಟಿಕೆ ಜುಂಗು ಇಟ್ಟು, ಜುಂಗನ್ನೇ ಹೊಸೆದು ಮಾಡಿದ ದಾರದಿಂದ ಬಿಗಿಯಾಗಿ ಕಟ್ಟಬೇಕು. ಕಟ್ಟಿದ ದಾರದ ಒಂದು ತುದಿಯನ್ನು ಎರಡಂಗುಲ ಬಾಲದಂತೆ ಬಿಡಬೇಕು. ಹಚ್ಚಲು ಅದೇ ಬತ್ತಿ. ಹತ್ತಿ ದಾರವೂ ಆಗುತ್ತದೆ. ಆದರೆ ನೈಲಾನ್ ದಾರ ಕಟ್ಟಿದರೆ ಪ್ಲಾಸ್ಟಿಕ್ ಬೇಡವೆಂದು ಹೊರಟವರು ಪ್ಲಾಸ್ಟಿಕ್ಕನ್ನೇ ಒಲೆಗೆ ಹಾಕಿದಂತಾಯಿತು.

ಮೇಣಕ್ಕೆ ಅಂಗಡಿಗೆ ಓಡಬೇಕಿಲ್ಲ. ಕರೆಂಟು ಹೋದಾಗ ಉರಿಸಿ ಉಳಿದ ಮೇಣದಬತ್ತಿಯ ತುಂಡುಗಳು, ಹುಟ್ಟುಹಬ್ಬದ ಕೇಕಿನ ಬತ್ತಿಗಳು, ತಟ್ಟೆಯಲ್ಲಿ ಹೆಪ್ಪುಗಟ್ಟಿದ ಚೂರುಗಳು ಎಲ್ಲ ಒಂದು ಡಬ್ಬಕ್ಕೆ ಸೇರಲಿ. ಜೇನುಮೇಣ ಇದ್ದರೆ ಅದೂ ಆದೀತು. ಆದರೆ ಅದಕ್ಕೆ ಬೇರೆ ಒಳ್ಳೆಯ ಉಪಯೋಗಗಳಿವೆ, ಒಲೆಗೆ ಹಾಕುವುದು ಲುಕ್ಸಾನು.

ಇನ್ನು ಕರಗಿಸುವುದು. ಮೇಣವನ್ನು ಎಂದೂ ನೇರವಾಗಿ ಉರಿಯ ಮೇಲೆ ಇಡಬಾರದು. ಅಗಲ ಪಾತ್ರೆಯಲ್ಲಿ ಮೂರು ಬೆರಳು ನೀರು ಹಾಕಿ, ಅದರೊಳಗೆ ಮೇಣದ ಡಬ್ಬ ಇಟ್ಟು, ಸಣ್ಣ ಉರಿಯಲ್ಲಿ ನೀರು ಕಾಯಿಸಬೇಕು. ಮೇಣದಬತ್ತಿಯ ಮೇಣ ಸುಮಾರು 50ರಿಂದ 65 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಅದರ ಆವಿ ಬೆಂಕಿ ಹಿಡಿಯುವಂತಾಗುವುದು ಸುಮಾರು 200 ಡಿಗ್ರಿಯ ಹೊತ್ತಿಗೆ. ಹೊರಗಿನ ನೀರು ಎಷ್ಟು ಕುದಿದರೂ 100 ಡಿಗ್ರಿ ದಾಟುವುದಿಲ್ಲ. ಹಾಸನ ಜಿಲ್ಲೆಯ ಎತ್ತರದಲ್ಲಂತೂ 97ರ ಆಸುಪಾಸಿನಲ್ಲೇ ಕುದಿದುಬಿಡುತ್ತದೆ. ಅಂದರೆ ನೀರೇ ಇಲ್ಲಿ ಕಾವಲುಗಾರ. ಆ ನೀರು ಆರಿಹೋಗದಂತೆ ನೋಡಿಕೊಂಡರೆ ಸಾಕು. ಒಲೆ ಬಿಟ್ಟು ಆಚೆ ಹೋಗುವುದು, ಬಾಗಿಲಿಗೆ ಬಂದವರ ಜೊತೆ ಮಾತಿಗೆ ನಿಲ್ಲುವುದು ಕೂಡದು.

ಒಂದು ವೇಳೆ ಮೇಣಕ್ಕೆ ಬೆಂಕಿ ತಾಗಿದರೆ? ನೀರು ಎರಚಬಾರದು! ಇದನ್ನು ಮನೆಯವರೆಲ್ಲ ಬಾಯಿಪಾಠ ಮಾಡಬೇಕು. ಮೇಣಕ್ಕಿಂತ ಭಾರವಾದ ನೀರು ತಳಕ್ಕಿಳಿದು ಕ್ಷಣದಲ್ಲಿ ಆವಿಯಾಗಿ 1,600 ಪಟ್ಟಿಗೂ ಹೆಚ್ಚು ಹಿಗ್ಗಿ, ಉರಿಯುವ ಮೇಣವನ್ನು ಸೂರಿನೆತ್ತರಕ್ಕೆ ಹಾರಿಸುತ್ತದೆ. ಒಗ್ಗರಣೆ ಎಣ್ಣೆ ಹೊತ್ತಿಕೊಂಡಾಗ ನೀರು ಹಾಕಿದರೂ ಆಗುವುದು ಇದೇ. ಒಲೆ ಆರಿಸಿ, ಡಬ್ಬದ ಮೇಲೆ ದೊಡ್ಡ ತಟ್ಟೆ ಮುಚ್ಚಬೇಕು, ಇಲ್ಲವೆ ಒಣ ಮರಳು ಸುರಿಯಬೇಕು. ಕೆಲಸ ಶುರುಮಾಡುವ ಮುನ್ನವೇ ತಟ್ಟೆ, ಮರಳು ಎರಡೂ ಕೈಗೆ ಸಿಗುವಂತಿರಲಿ. ಬಿಸಿ ಮೇಣ ಮೈಮೇಲೆ ಬಿದ್ದರೆ ಕಿತ್ತು ತೆಗೆಯಲು ಹೋಗದೆ, ಹರಿಯುವ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಬೇಕು. ಇಂಕು, ಟೂತ್‌ಪೇಸ್ಟು, ಮೊಸರು ಯಾವುದೂ ಬೇಡ. ಬೊಬ್ಬೆ ಎದ್ದರೆ ವೈದ್ಯರಲ್ಲಿಗೆ. ನೈಲಾನ್ ಬಟ್ಟೆ, ಜೋಲುವ ಸೆರಗು, ದಾವಣಿ ಆ ದಿನ ಬೇಡ.

ಮೇಣ ಪೂರ್ತಿ ಕರಗಿದ ಮೇಲೆ ಹಳೆ ಬತ್ತಿಯ ಚೂರುಗಳನ್ನು ಕಡ್ಡಿಯಿಂದ ಎತ್ತಿ ಹಾಕಿ, ಕಟ್ಟನ್ನು ಇಕ್ಕಳದಲ್ಲಿ ಹಿಡಿದು ಅದ್ದಬೇಕು. ಹತ್ತು ಎಣಿಸುವವರೆಗೆ ಮುಳುಗಿಸಿ, ಎತ್ತಿ, ತೊಟ್ಟಿಕ್ಕುವುದು ನಿಂತ ಮೇಲೆ ಬಾಳೆಲೆಯ ಮೇಲೋ ಹಳೆ ಪತ್ರಿಕೆಯ ಮೇಲೋ ಇಡಬೇಕು. ಮೊದಲ ಅದ್ದಿಗೆ ಕಾಯಿ ಬರೀ ಹೊಳೆಯುತ್ತದೆ, ಮೇಣ ಹಿಡಿದಂತೆ ಕಾಣುವುದಿಲ್ಲ. ಮೇಣ ತೀರ ಬಿಸಿಯಾಗಿದ್ದರೆ ಹೀಗೇ, ಎಲ್ಲ ಜಾರಿ ಇಳಿದುಹೋಗುತ್ತದೆ. ಗುಟ್ಟು ಇರುವುದು ಎರಡನೆಯ ಅದ್ದಿನಲ್ಲಿ. ಉರಿ ಆರಿಸಿ, ಡಬ್ಬದ ಅಂಚಿನಲ್ಲಿ ಮೇಣ ಬೆಳ್ಳಗೆ ಕೆನೆಗಟ್ಟತೊಡಗಿದಾಗ, ತಣ್ಣಗಾದ ಕಟ್ಟನ್ನು ಮತ್ತೊಮ್ಮೆ ಅದ್ದಿ ಥಟ್ಟನೆ ಎತ್ತಿದರೆ ಮೈತುಂಬ ಬಿಳಿ ಕವಚ ಕೂರುತ್ತದೆ. ಬೇಕಾದರೆ ಮೂರನೆಯ ಸಲ. ಅದಕ್ಕಿಂತ ಹೆಚ್ಚು ಬೇಡ. ಕಾಯಿಯ ಬಾಯಿಗಳೆಲ್ಲ ಮುಚ್ಚಿಹೋಗಿ ಗಾಳಿಯಾಡದೆ, ಉರಿಯುವುದಕ್ಕಿಂತ ಕರಗಿ ಸೋರುವುದೇ ಹೆಚ್ಚಾಗುತ್ತದೆ.

ಉಳಿದ ಮೇಣವನ್ನು ಬಚ್ಚಲ ಕೊಳವೆಗೆ ಸುರಿದರೆ ಅದು ಅಲ್ಲೇ ಹೆಪ್ಪುಗಟ್ಟಿ ಇನ್ನೊಂದು ರಾಮಾಯಣ. ಡಬ್ಬದಲ್ಲೇ ಗಟ್ಟಿಯಾಗಲು ಬಿಟ್ಟರೆ ಮುಂದಿನ ಸಲಕ್ಕೆ ಆಯಿತು.

ಪರಿಮಳದ ಮಾತು

ಪರಿಮಳಕ್ಕೆ ನಮ್ಮ ಸೀಮೆಯಲ್ಲಿ ಏನು ಕಡಿಮೆ? ಲಾವಂಚದ ಬೇರು, ದಾಲ್ಚಿನ್ನಿ ಚಕ್ಕೆ, ನೀಲಗಿರಿ ಎಲೆ, ಮಜ್ಜಿಗೆ ಹುಲ್ಲು, ಒಣಗಿದ ಕಿತ್ತಳೆ ಸಿಪ್ಪೆ, ಸಾಂಬ್ರಾಣಿ, ಮಲೆನಾಡಿನ ಧೂಪದ ಮರದ ರಾಳ... ಒಂದೊಂದಕ್ಕೂ ಒಂದೊಂದು ಸ್ವಭಾವ. ಬೇರು, ಚಕ್ಕೆ, ಸಿಪ್ಪೆಗಳನ್ನು ಕಟ್ಟುವಾಗಲೇ ಕಾಯಿಗಳ ನಡುವೆ ಸಿಕ್ಕಿಸಬೇಕು. ಸಾಂಬ್ರಾಣಿ, ರಾಳಗಳನ್ನು ಪುಡಿ ಮಾಡಿ, ಕೊನೆಯ ಅದ್ದಿನ ಮೇಣ ಇನ್ನೂ ಮೆತ್ತಗಿರುವಾಗ ಉದುರಿಸಬೇಕು. ನೀಲಗಿರಿ ಎಣ್ಣೆಯಂಥ ಸುಗಂಧ ತೈಲವಾದರೆ ಎಚ್ಚರ ಬೇಕು. ಅದರ ಆವಿ 50 ಡಿಗ್ರಿಯ ಆಸುಪಾಸಿನಲ್ಲೇ ಬೆಂಕಿ ಹಿಡಿಯಬಲ್ಲದು. ಆದ್ದರಿಂದ ಉರಿ ಪೂರ್ತಿ ಆರಿದ ಮೇಲೆ, ಡಬ್ಬವನ್ನು ಒಲೆಯಿಂದ ದೂರ ಇಟ್ಟು, ಕೆಲವೇ ಹನಿ ಬೆರೆಸಬೇಕು.

ಇಷ್ಟೆಲ್ಲ ಮಾಡಿದ ಮೇಲೆ ಒಲೆಯಿಂದ ಘಮಘಮ ಬಂದೀತೆ? ಸ್ವಲ್ಪ ನಿರಾಸೆಗೆ ಸಿದ್ಧವಾಗಿರುವುದು ಒಳ್ಳೆಯದು. ಮೂಗಿಗೆ ಪರಿಮಳ ತಲುಪಬೇಕಾದರೆ ಆ ವಸ್ತು ಉರಿಯದೆ ಮೆಲ್ಲಗೆ ಕಾದು ಆವಿಯಾಗಬೇಕು. ಊದುಬತ್ತಿ ಜ್ವಾಲೆಯಿಲ್ಲದೆ ಕೆಂಡವಾಗಿ ಉರಿಯುವುದು ಅದಕ್ಕೇ. ಜ್ವಾಲೆಯ ನಡುವೆ ಬಿದ್ದ ಸುಗಂಧವೂ ಉಳಿದ ಉರುವಲಿನ ಹಾಗೆ ಸುಟ್ಟುಹೋಗುತ್ತದೆ. ಉಳಿದದ್ದರಲ್ಲಿ ಹೆಚ್ಚು ಪಾಲು ಹೊಗೆಗೂಡಿನ ಪಾಲು. ಹಚ್ಚಿದ ಮೊದಲ ಅರೆ ನಿಮಿಷ ಒಂದಿಷ್ಟು ವಾಸನೆ ಬಂದರೆ ಅದೇ ಲಾಭ. ನಿಜವಾದ ಪರಿಮಳ ಸಿಗುವುದು ಕಟ್ಟುಗಳನ್ನು ತುಂಬಿಟ್ಟ ಡಬ್ಬದ ಮುಚ್ಚಳ ತೆಗೆದಾಗ. ಲಾವಂಚ, ಸಾಂಬ್ರಾಣಿ ತಿಂಗಳುಗಟ್ಟಲೆ ನಿಲ್ಲುತ್ತವೆ. ಕಿತ್ತಳೆ ಬೇಗ ಹಾರುತ್ತದೆ. ಅಂಗಡಿಯ ದುಬಾರಿ ಸೆಂಟು ತಂದು ಸುರಿಯುವುದಂತೂ ದುಡ್ಡು ಸುಟ್ಟಂತೆ.

ಇನ್ನೊಂದು ಮಾತು. ಪರಿಮಳ ಇದ್ದ ಮಾತ್ರಕ್ಕೆ ಹೊಗೆ ಹೊಗೆಯಲ್ಲದೆ ಹೋಗುವುದಿಲ್ಲ. ಬಾಣಂತಿ, ಮಗುವಿನ ತಲೆಗೆ ಸಾಂಬ್ರಾಣಿ ಹೊಗೆ ಹಿಡಿಯುವ ರೂಢಿ ಮನೆಗಳಲ್ಲಿದೆ. ಆ ಕೆಂಡಕ್ಕೆ ಈ ಮೇಣದ ಕಾಯಿ ಹಾಕುವ ಯೋಚನೆ ಯಾರಿಗೂ ಬಾರದಿರಲಿ. ಬಾಗಿಲು ಮುಚ್ಚಿದ ಕೋಣೆಯ ಅಗ್ಗಿಷ್ಟಿಕೆಗೂ ಇದು ಸಲ್ಲದು. ಹೊಗೆ ಹೊರಹೋಗುವ ದಾರಿಯಿರುವ ಹಂಡೆ ಒಲೆಯೇ ಇದರ ಜಾಗ.

ಒಲೆಯ ಮುಂದೆ ವಿಜ್ಞಾನ

ಮೇಣದಬತ್ತಿಯನ್ನು ಇಟ್ಟುಕೊಂಡು ಮಕ್ಕಳಿಗೆ ಇಡೀ ರಸಾಯನಶಾಸ್ತ್ರ ಹೇಳಿಕೊಟ್ಟ ಮಹಾನುಭಾವ ಮೈಕೇಲ್ ಫ್ಯಾರಡೆ. ಬಡ ಕಮ್ಮಾರನ ಮಗ, ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿತು, ಕಟ್ಟಲು ಬಂದ ಪುಸ್ತಕಗಳನ್ನೇ ಓದಿ ವಿಜ್ಞಾನಿಯಾದವನು. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಕ್ರಿಸ್‌ಮಸ್ ರಜೆಯಲ್ಲಿ ಮಕ್ಕಳಿಗಾಗಿ ಉಪನ್ಯಾಸ ನಡೆಸುವ ಪದ್ಧತಿ 1825ರಲ್ಲಿ ಆರಂಭವಾಯಿತು. ಫ್ಯಾರಡೆ 1848ರಲ್ಲೂ ಮತ್ತೆ 1860ರ ಕೊನೆಯಲ್ಲೂ ಆರಿಸಿಕೊಂಡ ವಿಷಯ ಮೇಣದಬತ್ತಿ! ಆ ಉಪನ್ಯಾಸಗಳು 1861ರಲ್ಲಿ ಪುಸ್ತಕವಾಗಿ ಬಂದವು.

ಅವನು ತೋರಿಸಿದ ಒಂದು ಪ್ರಯೋಗವನ್ನು ಅಪ್ಪನನ್ನೋ ಅಮ್ಮನನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಯಾರಾದರೂ ಮಾಡಬಹುದು. ಚೆನ್ನಾಗಿ ಉರಿಯುತ್ತಿರುವ ಮೇಣದಬತ್ತಿಯನ್ನು ಮೆಲ್ಲಗೆ ಆರಿಸಿದರೆ ಬತ್ತಿಯಿಂದ ಬಿಳಿ ಹೊಗೆಯ ಎಳೆಯೊಂದು ಮೇಲೇಳುತ್ತದೆ. ಬತ್ತಿಯನ್ನು ಮುಟ್ಟಿಸದೆ, ಅದರಿಂದ ಎರಡಂಗುಲ ಮೇಲೆ ಆ ಎಳೆಗೆ ಉರಿಯುವ ಕಡ್ಡಿ ತಾಗಿಸಿದರೆ ಜ್ವಾಲೆ ಎಳೆಗುಂಟ ಕೆಳಗಿಳಿದು ಬತ್ತಿಯನ್ನು ಹೊತ್ತಿಸಿಬಿಡುತ್ತದೆ. ಉರಿಯುವುದು ಗಟ್ಟಿ ಮೇಣವಲ್ಲ, ಕರಗಿದ ಮೇಣವೂ ಅಲ್ಲ, ಅದರ ಆವಿ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಸೀಮೆಎಣ್ಣೆಯ ವಿಷಯದಲ್ಲಿ ಭಯ ಹುಟ್ಟಿಸಿದ ಅದೇ ಗುಣ ಇಲ್ಲಿ ಉಪಕಾರಿ. ವ್ಯತ್ಯಾಸ ಇಷ್ಟೆ: ಮೇಣ ತಣ್ಣಗಿರುವಾಗ ಆವಿಯಾಗುವುದೇ ಇಲ್ಲವೆನ್ನಬಹುದು. ಬತ್ತಿಯೋ ಸರ್ವೆಯ ಸಿಪ್ಪೆಯೋ ಹೀರಿಕೊಟ್ಟಷ್ಟೇ ಕರಗಿ, ಅಷ್ಟೇ ಆವಿಯಾಗಿ, ಅಷ್ಟೇ ಉರಿಯುತ್ತದೆ. ಭಗ್ಗೆನ್ನುವುದಿಲ್ಲ. ದೇವರ ಉತ್ಸವದಲ್ಲಿ ಎಣ್ಣೆ ಬಟ್ಟೆ ಸುತ್ತಿದ ಪಂಜು ಗಾಳಿಗೂ ಆರದೆ ಉರಿಯುವುದು ಇದೇ ಲೆಕ್ಕದಲ್ಲಿ.

ಶಾಲೆಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ಪ್ರತಿವರ್ಷ ಅದೇ ಜ್ವಾಲಾಮುಖಿಯ ಮಾದರಿ ಮಾಡಿ ಬೇಸತ್ತವರಿಗೆ ಇಲ್ಲೊಂದು ಒಳ್ಳೆಯ ವಸ್ತುವಿದೆ. ಒಂದೇ ಗಾತ್ರದ ನಾಲ್ಕು ಕಟ್ಟು ಮಾಡಬೇಕು. ಮೇಣವಿಲ್ಲದ್ದು, ಒಂದು ಸಲ ಅದ್ದಿದ್ದು, ಎರಡು ಸಲ, ಮೂರು ಸಲ. ಅದ್ದುವ ಮುನ್ನ, ಅದ್ದಿದ ಮೇಲೆ ದಿನಸಿ ಅಂಗಡಿಯ ತಕ್ಕಡಿಯಲ್ಲಿ ತೂಗಿ ಬರೆದಿಡಬೇಕು. ನಾಲ್ಕನ್ನೂ ಒಂದು ರಾತ್ರಿ ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟು, ಬೆಳಿಗ್ಗೆ ತೆಗೆದು ಒರೆಸಿ, ದೊಡ್ಡವರ ಕೈಯಲ್ಲಿ ಒಂದೊಂದಾಗಿ ಹಚ್ಚಿಸಿ ನೋಡಬೇಕು. ಎಷ್ಟು ಕಡ್ಡಿ ಬೇಕಾಯಿತು, ಎಷ್ಟು ನಿಮಿಷ ಉರಿಯಿತು ಎಂದು ಗಡಿಯಾರ ಹಿಡಿದು ಗುರುತಿಸಿದರೆ ನಕ್ಷೆ ಬರೆಯಲು ಬೇಕಾದಷ್ಟು ಅಂಕಿಗಳು ಕೈಯಲ್ಲಿರುತ್ತವೆ. ಬರೀ ಕಾಯಿ ನೀರು ಕುಡಿದು ಮುಷ್ಕರ ಹೂಡುತ್ತದೆ. ಮೇಣ ಹೊದ್ದದ್ದು? ಅಂಕಿಗಳೇ ಹೇಳಲಿ. ಒಂದು ಸಲಕ್ಕೆ ಒಂದೇ ಸಂಗತಿಯನ್ನು ಬದಲಿಸಬೇಕು, ಉಳಿದದ್ದೆಲ್ಲ ಹಾಗೇ ಇರಬೇಕು ಎಂಬ ಪ್ರಯೋಗದ ಮೊದಲ ಪಾಠವೂ ಇದರಲ್ಲೇ ಬಂತು.

ಬಣ್ಣದ ಜ್ವಾಲೆಯ ಆಸೆ ಕೆಲವರಿಗೆ ಬರಬಹುದು. ಹೊರದೇಶಗಳಲ್ಲಿ ಪೈನ್ ಶಂಕುವಿಗೆ ಲವಣಗಳನ್ನು ಹಚ್ಚಿ ಹಸಿರು, ನೀಲಿ ಉರಿ ಬರಿಸುವುದುಂಟು. ಕಾಫಿ, ಅಡಿಕೆ ಬೆಳೆಗಾರರ ಮನೆಗಳಲ್ಲಿ ಬೋರ್ಡೊ ಮಿಶ್ರಣಕ್ಕೆಂದು ತಂದ ಮೈಲುತುತ್ತ ಇದ್ದೇ ಇರುತ್ತದೆ. ತಾಮ್ರದ ಆ ಲವಣ ಜ್ವಾಲೆಗೆ ಹಸಿರು ಬಣ್ಣ ಕೊಡುವುದೂ ನಿಜ. ಆದರೆ ಅದು ವಿಷ. ಬಚ್ಚಲ ಒಲೆ ಅದಕ್ಕೆ ತಾಣವಲ್ಲ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಅಧ್ಯಾಪಕರ ಎದುರು ಚಿಟಿಕೆಯಷ್ಟು ತಂತಿಯ ತುದಿಗೆ ಹಚ್ಚಿ ನೋಡಿದರೆ ಸಾಕು.

ಒಲೆಯಲ್ಲಿ ಬಳಸುವುದು ಸುಲಭ. ಬೂದಿ ಎತ್ತಿ, ನೆಲದ ಮೇಲೆ ಕಟ್ಟನ್ನಿಟ್ಟು, ಅದರ ಮೇಲೆ ಗೂಡಿನಂತೆ ಸಣ್ಣ ಪುಳ್ಳೆ, ಆಮೇಲೆ ತೆಂಗಿನ ಗರಿಯ ಕಡ್ಡಿ, ಕೊನೆಗೆ ಮಟ್ಟೆ. ಬಾಲಕ್ಕೆ ಕಡ್ಡಿ ಗೀರಿ ಕೈ ಹಿಂದಕ್ಕೆ ತೆಗೆದುಕೊಂಡರೆ ಆಯಿತು. ಊದುಗೊಳವೆಗೆ ಆತುರ ಬೇಡ. ಮೊದಲ ಒಂದೆರಡು ನಿಮಿಷ ಊದಿದರೆ ಆವಿ ಚದುರಿ ಉರಿಯೇ ಆರೀತು. ಕಟ್ಟನ್ನು ಕೈಯಲ್ಲಿ ಹಿಡಿದು ಹಚ್ಚಿ ಒಲೆಗೆ ಎಸೆಯುವುದು ಸಲ್ಲದು, ಕರಗಿದ ಮೇಣ ಬೆರಳಿಗೆ ಇಳಿಯುತ್ತದೆ.

ಬಿಸಿಲಿರುವ ದಿನಗಳಲ್ಲಿ ಇದರ ಅಗತ್ಯವೇ ಬೀಳದು. ಒಣ ಗರಿಗೆ ಒಂದು ಕಡ್ಡಿ ಗೀರಿದರೆ ಸಾಕು. ಮಳೆಗಾಲಕ್ಕೂ ಇಬ್ಬನಿಯ ತಿಂಗಳುಗಳಿಗೂ ಎಂದು ಲೆಕ್ಕ ಹಾಕಿ, ಬೇಸಿಗೆ ರಜೆಯಲ್ಲಿ ಒಂದು ಭಾನುವಾರ ಕೂತು ಐವತ್ತು ಅರವತ್ತು ಕಟ್ಟು ಮಾಡಿದರೆ ಒದ್ದೆ ಬೆಳಗುಗಳಿಗೆಲ್ಲ ಬಂದೀತು. ತುಂಬಿಡಲು ಮುಚ್ಚಳ ಬಿಗಿಯಾದ ತಗಡಿನ ಡಬ್ಬವೇ ಆಗಬೇಕು, ಅದೂ ಒಲೆಯಿಂದ ದೂರ. ಬಿದಿರಬುಟ್ಟಿಯಲ್ಲಿಟ್ಟರೆ ಅಂದವಾಗಿ ಕಂಡೀತು, ಆದರೆ ಮೇಣವೆಂದರೆ ಇಲಿಗಳಿಗೂ ಬಲು ರುಚಿ.